ಬಾಣಂತಿಯ ಬೆರಳ ಜಿಡ್ಡು

ಹೆರಿಗೆ ರಜೆ ಮುಗಿಸಿ ಬಂದ ದಿನವೇ ಪ್ರಯೋಗಾಲಯದಲ್ಲಿ ಅವಳಿಗೆ ‘ಬಾಣಂತಿ’ ಅಂತ ಹೆಸರು ಬಿತ್ತು. ಇಟ್ಟವರು ದೀಪದಣ್ಣ, ಯಂತ್ರದ ದೀಪ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್. ಅವಳ ಜಾಗಕ್ಕೆ ಬೇರೆಯವರು ಬಾರದಂತೆ ರಜೆಯುದ್ದಕ್ಕೂ ಕಾವಲು ಕೂತವರೂ ಅವರೇ.

ಕೆಲಸವೇನೋ ಹೊಗೆಗಿಂತ ಸಣ್ಣದು. ಗಾಳಿಯಲ್ಲಿ ತೇಲುವ ಉಪ್ಪಿನ ಕಣಕ್ಕೆ ಎಣ್ಣೆಯ ತೆಳು ಪದರ ಹೊದಿಸಬೇಕು. ಬೆಳಕು ಬಿದ್ದಾಗ ಉಪ್ಪಿನಿಂದೇಳುವ ಎಲೆಕ್ಟ್ರಾನುಗಳಲ್ಲಿ ಎಷ್ಟು ಆ ಪದರ ದಾಟಿ ಹೊರಬಂದವು ಎಂದು ಎಣಿಸಬೇಕು. ನಿಧಾನದವು ಕೆಸರಲ್ಲಿ ಕಾಲಿಟ್ಟವರ ಹಾಗೆ ಅರ್ಧ ದಾರಿಯಲ್ಲೇ ಸೋತು ಉಳಿದುಬಿಡುತ್ತವೆ. ಎಷ್ಟು ದಪ್ಪಕ್ಕೆ ಎಷ್ಟು ಸೋಲುತ್ತವೆ ಎಂಬುದೇ ಹುಡುಕಾಟ.

ಅವಳು ಬಂದಮೇಲೆ ಎಣ್ಣೆ ಹೊದಿಸದ ಬರೀ ಉಪ್ಪಿನಲ್ಲೂ ಎಣಿಕೆ ಕುಸಿಯಿತು.

“ಬೆಳಕು ಸಾಲ್ತಿಲ್ಲ. ದೀಪಕ್ಕೂ ವಯಸ್ಸಾಯ್ತು, ದೀಪದವರಿಗೂ. ಇಬ್ಬರನ್ನೂ ಬದಲಾಯಿಸೋದೇ,” ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ.

“ಹಳೇ ದೀಪಕ್ಕಾದ್ರೆ ಡಬ್ಬ ಇದೆ. ನನ್ನ ಎಲ್ಲಿಡ್ತೀರಿ?” ದೀಪದಣ್ಣ ನಕ್ಕರು. ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿಟ್ಟರು.

ಮರುದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ತಿಕ್ಕಿ, ಸೋಪಿನಲ್ಲಿ ಕೈ ತೊಳೆದು ಬಾಗಿಲ ಚಿಲಕ ಎಳೆದಾಗ ಅದರ ಮೇಲೆ ಅವಳ ಬೆರಳ ಗುರುತು ಮಿರಮಿರ ಹೊಳೆಯಿತು. ತೊಳೆದರೂ ಜಿಡ್ಡು ಹೋಗಿರಲಿಲ್ಲ. ಉಪ್ಪಿನ ಕಣ ಹಾಯುವ ಕೊಳವೆಯ ಬಾಯಿಗೆ ಗಾಳಿ ಸೋರದಂತೆ ರಬ್ಬರ್ ಬಳೆ ಕೂರಿಸುವಾಗ ಗ್ಲೌಸು ಜಾರುತ್ತದೆಂದು ಬರಿಗೈ ಹಚ್ಚುವುದು ಅಲ್ಲಿ ಎಲ್ಲರ ರೂಢಿ. ಬೇರೆ ಯಾರ ಮನೆಯಲ್ಲೂ ಎಣ್ಣೆ ತಿಕ್ಕುವ ಕೂಸಿರಲಿಲ್ಲ, ಅಷ್ಟೇ. ಕೊಳವೆ ಕಾದಾಗ ಆ ಜಿಡ್ಡೇ ಆವಿಯಾಗಿ ಬರೀ ಉಪ್ಪಿಗೂ ಮೆತ್ತಿಕೊಳ್ಳುತ್ತಿತ್ತು.

ಸುಮ್ಮನಿದ್ದರೆ ದೀಪದಣ್ಣನ ಕೆಲಸ ಹೋಗುತ್ತದೆ, ಹೇಳಿದರೆ ತನ್ನದು. ಬಸ್ಸಿನಲ್ಲಿ ಅವಳ ನಿಲ್ದಾಣ ದಾಟಿಹೋಗಿತ್ತು. ಹಿಂದಕ್ಕೆ ನಡೆದು ಬಂದು, ಚೀಲ ಇಳಿಸದೆಯೇ ಮೇಡಂಗೆ ಹೇಳಿಬಿಟ್ಟಳು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀನು ಬಂದಾಗಿನಿಂದ ಅಳೆದದ್ದೆಲ್ಲ ಹೊಳೇಲಿ ಹುಣಸೆ ಕಿವುಚಿದ ಹಾಗಾಯ್ತು. ಸದ್ಯ ಉಗ್ರಾಣ ನೋಡ್ಕೋ. ಎಣ್ಣೆ ಮುಟ್ಟೋದು ಬಿಟ್ಟಮೇಲೆ ಯಂತ್ರದ ಮಾತು.”

ದೀಪದಣ್ಣ ಕೊಳವೆ ತೊಳೆಯುತ್ತ ತಲೆ ಎತ್ತಲಿಲ್ಲ. “ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನೇ ಬಾಣಂತಿ? ನಾನು ಹೇಗೂ ಹೋಗೋನೇ.”

“ಹೋಗೋರು ಊಟ ಮಾಡ್ಕೊಂಡು ಹೋಗಿ,” ಎಂದಳು ಅವಳು.

ಎಣಿಕೆ ಮತ್ತೆ ಏರಿತೆಂದು ದೀಪದಣ್ಣ ಕೂಗಿದ್ದು ಉಗ್ರಾಣದ ಗೋಡೆಯಾಚೆಯಿಂದ ಅವಳಿಗೆ ಕೇಳಿಸಿತು. ಎಣ್ಣೆ ತಿಕ್ಕುವ ಕೆಲಸ ಅತ್ತೆಯ ಪಾಲಾಯಿತು. ಕೂಸು ಅತ್ತಾಗ ಅವಳು ಕೆನ್ನೆಗೆ ಒಣ ಅಂಗೈ ಇಟ್ಟಳು. ಅದು ಒಂದು ಕ್ಷಣ ಮೂಸಿ, ಅತ್ತೆಯ ಎಣ್ಣೆಗೈ ಕಡೆ ಮುಖ ತಿರುಗಿಸಿತು.