ಲೈಸೆನ್ಸ್ ಬಂದ ಮೇಲೆ ಹೇಜಲ್ ಆಡಿದ ಮಾತು

ಸುಮ್ಮನಿರುವುದು ಹೇಜಲಳ ಜಾಯಮಾನವಲ್ಲ. ದುಬೈಯಲ್ಲಿ ಹತ್ತಾರು ವರ್ಷ ಮನೆ ಬ್ರೋಕರ್ ಆಗಿ ಹೆಸರು ಮಾಡಿದ್ದೇ ಮಾತಿನಿಂದ. ಗಂಡ ನೈಜೆಲ್‌ಗೆ ದೋಹಾದಲ್ಲಿ ಕೆಲಸ ಸಿಕ್ಕಿದಾಗ ದುಬೈ ಲೈಸೆನ್ಸನ್ನು ಜೋಪಾನವಾಗಿ ಸೂಟ್‌ಕೇಸಿನಲ್ಲಿಟ್ಟು ತಂದಳು. ಇಲ್ಲಿ ಒಂದು ಮೊಹರು ಒತ್ತಿಸಿಕೊಂಡರೆ ಮುಗಿಯಿತು ಎಂದುಕೊಂಡಿದ್ದಳು, ಪಾಪ.

ದೋಹಾದ ಅಲ್ ಮುಂತಜಾದಲ್ಲಿ ಬ್ರೋಕರ್ ಆಫೀಸು ಇಟ್ಟಿರುವ ಉಳ್ಳಾಲದ ಶಾಫಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ಅಲ್ಲಿಯದ್ದು ಮೇಡಂ, ಇಲ್ಲಿ ನಡೆಯುದಿಲ್ಲ. ಹೊಸ್ತಾಗಿ ಪರೀಕ್ಷೆ ಬರೀಬೇಕು. ಅಲ್ಲಿವರೆಗೆ ನನ್ನ ಆಫೀಸಲ್ಲಿ ಕೂತ್ಕೊಳ್ಳಿ. ಆದ್ರೆ ಪಾರ್ಟಿ ಹತ್ರ ಮನೆ ವಿಷಯ ಒಂದಕ್ಷರ ಮಾತಾಡ್ಬೇಡಿ. ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನಿಮ್ಮ ಅರ್ಜಿ ಖಲಾಸ್."

ಚರ್ಚಿನಲ್ಲಿ ಎಲ್ಲರೂ ಅವಳನ್ನು ನೈಜೆಲನ ಹೆಂಡತಿ ಎನ್ನುವಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ದುಬೈಯಲ್ಲಿ ನೈಜೆಲನೇ ಬ್ರೋಕರ್ ಹೇಜಲಳ ಗಂಡನಾಗಿದ್ದ.

ಪರೀಕ್ಷೆಯಲ್ಲಿ ಮೊದಲ ಸಲ ನಪಾಸು. ಪ್ರಶ್ನೆ ಕತಾರಿನದು, ಇವಳ ಉತ್ತರವೆಲ್ಲ ದುಬೈಯದು. ಅಲ್ಲಿನ ನಿಯಮ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದುದರಿಂದ ಪೂರ್ತಿ ಓದುವ ಮೊದಲೇ ಗುರುತು ಹಾಕಿ ಎದ್ದು ಬಂದಿದ್ದಳು. "ನಿಂಗೆ ಗೊತ್ತಿದ್ದದ್ದು ಜಾಸ್ತಿ ಆಯ್ತು," ಎಂದು ನೈಜೆಲ್ ನಕ್ಕ. ಆ ದಿನ ಅವನ ಸಾರಿಗೆ ಉಪ್ಪು ಬೀಳಲಿಲ್ಲ.

ಆಗಲೇ ಚರ್ಚಿನ ಅಗಾತಾ ಆಂಟಿ ಮನೆ ಹುಡುಕುತ್ತಿದ್ದರು. ಹಳೆಯ ನರ್ಸ್, ಅವರಿದ್ದ ಕಟ್ಟಡವನ್ನು ಕೆಡವುವವರಿದ್ದರು. ಒಂದು ಶುಕ್ರವಾರ, ವಾರದ ರಜೆಯ ಬೆಳಿಗ್ಗೆ, ಶಾಫಿ ಅವರಿಗೆ ಅಲ್ ಗರಾಫಾದಲ್ಲಿ ಫ್ಲ್ಯಾಟ್ ತೋರಿಸಿದ. ಹೇಜಲ್ ಬರೀ ಜತೆಗೆ ಬಂದವಳು. ಶಾಫಿ ಬಾಲ್ಕನಿಯನ್ನು ಹೊಗಳಿದ, ಬೆಳಕನ್ನು ಹೊಗಳಿದ. ಆಂಟಿ ಮಾತ್ರ ಹೇಜಲಳ ಮುಖವನ್ನೇ ನೋಡುತ್ತಿದ್ದರು. ಹೇಜಲ್ ಅಡುಗೆಮನೆಯ ಕಿಟಕಿ ಸರಳಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ, ಕರವಸ್ತ್ರಕ್ಕೆ ಒರೆಸಿಕೊಂಡಳು.

"ಏನಾದ್ರೂ ಹೇಳು ಮಾರಾಯ್ತಿ."

"ಲೈಸೆನ್ಸ್ ಬರ್ಲಿ ಆಂಟಿ."

"ಹಾಗಾದ್ರೆ ನಾನೂ ಕಾಯ್ತೇನೆ," ಎಂದು ಆಂಟಿ ಹೊರಟೇಬಿಟ್ಟರು. ಶಾಫಿ ಹಣೆ ಚಚ್ಚಿಕೊಂಡ.

ಎರಡನೇ ಸಲ ಹೇಜಲ್ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದಿ ಬರೆದು ಪಾಸಾದಳು. ಲೈಸೆನ್ಸ್ ಬಂತು. ಅಲ್ ಗರಾಫಾದ ಫ್ಲ್ಯಾಟ್ ಯಾಕೋ ಇನ್ನೂ ಖಾಲಿಯೇ ಇತ್ತು. ಮತ್ತೊಂದು ಶುಕ್ರವಾರ ಬೆಳಿಗ್ಗೆ ಮೂವರೂ ಅಲ್ಲಿಗೆ ಹೋದರು.

"ಈಗ ಮಾತಾಡ್ಬಹುದಾ?" ಎಂದು ಆಂಟಿ ಕೇಳಿದರು.

"ಬಹುದು."

"ಹೇಳು ಹಾಗಾದ್ರೆ."

ಶಾಫಿ ಅವಳನ್ನೇ ನೋಡಿದ. ಹ್ಞೂಂ ಎಂದರೆ ಸಾಕು, ಈ ಊರಿನಲ್ಲಿ ಅವಳ ಹೆಸರಿನ ಮೊದಲ ಮನೆ ಕುದುರುತ್ತಿತ್ತು. ಇಷ್ಟು ದಿನ ಅವಳು ಆಸೆಪಟ್ಟದ್ದೂ ಅದಕ್ಕೇ.

"ಈ ಮನೆ ಬೇಡ ಆಂಟಿ. ಕೆಳಗೆ ಕೆಫೆಟೇರಿಯಾ ಉಂಟು. ಶುಕ್ರವಾರ ನಮಾಜು ಮುಗಿಯುವವರೆಗೆ ಮುಚ್ಚಿರ್ತದೆ, ಹಾಗೆ ನಿಮ್ಗೆ ಗೊತ್ತಾಗ್ಲಿಲ್ಲ. ಕಿಟಕಿ ಸರಳು ಮುಟ್ಟಿ ನೋಡಿ, ಬರೀ ಎಣ್ಣೆ ಜಿಡ್ಡು. ಅವರು ಕರಿದ ಹೊಗೆ ಎಲ್ಲ ನಿಮ್ಮ ಮನೆಯೊಳಗೇ."

"ಲೈಸೆನ್ಸಿನ ಬಿಸಿ ಆರ್ಲಿಲ್ಲ ಮೇಡಂ, ಪಾರ್ಟಿಯನ್ನು ಓಡಿಸಿದ್ರಲ್ಲ," ಎಂದ ಶಾಫಿ. ಆದರೂ ಸರಳು ಮುಟ್ಟಿ ನೋಡಿ, ಬೆರಳು ಒರೆಸಿಕೊಂಡ.

ಆಂಟಿ ಓಡಲಿಲ್ಲ. "ಬೇರೆ ತೋರಿಸು, ನಡಿ," ಎಂದರು.

ಮುಂದಿನ ಶುಕ್ರವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಆಂಟಿ ಮನೆ ಹುಡುಕುತ್ತಿದ್ದ ಐದಾರು ಹೆಂಗಸರನ್ನು ಕಟ್ಟಿಕೊಂಡು ಹೇಜಲಳ ಬಳಿ ಬಂದರು. ಅವರಲ್ಲಿ ಹೊಸಬಳೊಬ್ಬಳು ನೈಜೆಲನನ್ನು ತೋರಿಸಿ ಯಾರೆಂದು ಕೇಳಿದಳು.

"ಅವನಾ? ನಮ್ಮ ಬ್ರೋಕರ್ ಹೇಜಲಳ ಗಂಡ," ಎಂದರು ಅಗಾತಾ ಆಂಟಿ.