ಕಾಲು ತೆಗಿ

ನಮ್ಮ ಗ್ಯಾರೇಜಿಗೆ ಕಾರು ತರುವವರನ್ನು ‘ಓಡಿಸೋಕೆ ಕಲಿಸಿದ್ದು ಯಾರು?’ ಎಂದು ಕೇಳಿದರೆ ಹತ್ತರಲ್ಲಿ ಆರು ಜನ ಮೊದಲು ನಗುತ್ತಾರೆ. ಆಮೇಲೆ ‘ಕಾಲ್ತೆಗಿ ಮೇಷ್ಟ್ರು’ ಅನ್ನುತ್ತಾರೆ. ಆ ಹೆಸರು ಮೇಷ್ಟ್ರಿಗೆ ಬಂದದ್ದು ಅವರ ಬಾಯಿಂದಲೇ. ಡ್ರೈವಿಂಗ್ ಸ್ಕೂಲಿನ ಕಾರಿನ ಪಕ್ಕದ ಸೀಟಿನಲ್ಲಿ ಮೂವತ್ತೊಂದು ವರ್ಷ ಕೂತು ಅವರು ಬೇರೆ ಏನೇನು ಮಾತಾಡಿದರೋ ಗೊತ್ತಿಲ್ಲ, ಈ ಎರಡು ಪದವನ್ನಂತೂ ಬಿಡದೆ ಆಡಿದ್ದಾರೆ. ಗೇರ್ ಬಿತ್ತಾ? ಕಾಲು ತೆಗಿ. ಸಿಗ್ನಲ್ಲಿನಲ್ಲಿ ನಿಂತೆಯಾ? ನ್ಯೂಟ್ರಲ್ ಮಾಡು, ಕಾಲು ತೆಗಿ. ಏರಿನಲ್ಲಿ ಗಾಡಿ ಹಿಂದೆ ಜಾರುತ್ತದೆ ಎಂದು ಹೆದರಿ ಅರ್ಧ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸಿಕೊಂಡವರ ಗತಿ ಕೇಳಲೇಬೇಡಿ. ‘ಹ್ಯಾಂಡ್‌ಬ್ರೇಕ್ ಅಂತ ಒಂದಿದೆ, ಅದೇನು ಬ್ಯಾಗ್ ನೇತುಹಾಕೋಕೆ ಕೊಟ್ಟಿದ್ದಾರಾ?’ ಎನ್ನುವರು.

‘ಸುಮ್ನೆ ಇಟ್ಕೊಂಡಿದ್ದೀನಿ ಸಾರ್, ಒತ್ತಿಲ್ಲ’ ಎಂದು ಯಾರಾದರೂ ವಾದಕ್ಕೆ ಇಳಿದರೆ ಅವರದು ಒಂದೇ ಉತ್ತರ. ‘ಕ್ಲಚ್ ಅಂದ್ರೆ ನೆಂಟರ ಮನೆ ಇದ್ದ ಹಾಗೆ. ಕೆಲಸ ಇದ್ರೆ ಹೋಗು. ಮುಗೀತಾ, ಎದ್ದು ಬಾ. ಅಲ್ಲೇ ಕಾಲು ಚಾಚ್ಕೊಂಡು ಕೂತ್ರೆ ಅವರಿಗೂ ತೊಂದ್ರೆ, ನಿನಗೂ ಮರ್ಯಾದೆ ಇಲ್ಲ.’ ಇದನ್ನು ಕೇಳಿದಾಗಲೆಲ್ಲ ಅವರ ಹೆಂಡತಿ, ‘ಇವರು ನೆಂಟರ ಮನೆಗೆ ಹೋಗಿದ್ದನ್ನ ಕಂಡೋರ್ಯಾರು?’ ಎಂದು ನಗುತ್ತಿದ್ದರು. ಆ ಅಕ್ಕ ತೀರಿಹೋಗಿ ಒಂದೂವರೆ ವರ್ಷ ಆಯಿತು.

ಕಾಲ್ತೆಗೆಯುವುದು ಎಂದರೆ ನಮ್ಮ ಮಾತಿನಲ್ಲಿ ಓಡಿಹೋಗುವುದು ಎಂದೂ ಆಗುತ್ತದೆ. ಮೇಷ್ಟ್ರು ಹಾಗೆ ಓಡಿದವರಲ್ಲ. ಹೆಂಡತಿ ಹೋದ ಐದನೇ ದಿನಕ್ಕೆ ಬೆಳಗ್ಗೆ ಆರೂವರೆಗೆ ಆ ಸೀಟಿಗೆ ಬಂದು ಕೂತರು. ನಾನು ಹೋಗಿ, ‘ಇನ್ನೊಂದು ವಾರ ಮನೇಲಿರಬಾರದಾ?’ ಅಂದೆ. ‘ಮನೇಲಿದ್ದು ಏನು ಮಾಡ್ಲಿ? ಏನೂ ಅನ್ನಿಸ್ತಿಲ್ಲ ಕಣೋ. ಅಳೂನೂ ಬರ್ತಿಲ್ಲ, ಹಸಿವೂ ಆಗ್ತಿಲ್ಲ’ ಎಂದರು. ಆ ಮಾತನ್ನು ಹವಾಮಾನದ ವರದಿ ಓದಿದಂತೆ ಹೇಳಿದರು. ಕಾರಿನ ವೈಪರ್ ಸಡಿಲವಾಗಿತ್ತು, ಬಿಗಿ ಮಾಡಿ ಬಂದೆ.

ಸ್ಕೂಲಿನ ಕಾರಿನ ಬಗ್ಗೆ ಒಂದು ಮಾತು ಹೇಳಬೇಕು. ಕಲಿಯುವವರ ಕಾಲಡಿ ಇರುವಂತೆ ಕಲಿಸುವವರ ಕಾಲಡಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಎರಡು ಕಡೆಯ ಪೆಡಲ್‌ಗಳನ್ನೂ ಒಂದು ಸರಳು ಜೋಡಿಸುತ್ತದೆ. ಈ ಕಡೆಯವರು ಒತ್ತಿದರೆ ಆ ಕಡೆಯದೂ ಕೆಳಗಿಳಿಯುತ್ತದೆ. ಆ ಸರಳನ್ನು ಕೂರಿಸಿದವನು ನಾನೇ.

ಕಾರಿಗೆ ಬೆಳಗ್ಗೆ ಮೇಷ್ಟ್ರು, ಸಂಜೆ ಒಬ್ಬ ಹುಡುಗಿ. ಹುಡುಗಿ ಎಂದೆ, ಮೂವತ್ತು ದಾಟಿದ, ಒಂದು ಮಗುವಿನ ತಾಯಿ. ಎಲ್ಲರೂ ಅವಳನ್ನು ಸಂಜೆ ಟೀಚರ್ ಎನ್ನುತ್ತಾರೆ. ಅವಳಿಗೆ ಓಡಿಸಲು ಕಲಿಸಿದ್ದೂ ಮೇಷ್ಟ್ರೇ, ಕೆಲಸಕ್ಕೆ ಸೇರಿಸಿದ್ದೂ ಅವರೇ.

ಮೂರು ವರ್ಷಕ್ಕೊಂದು ಸಲ ಕ್ಲಚ್ ಪ್ಲೇಟು ಬದಲಾಯಿಸುತ್ತಿದ್ದ ಆ ಕಾರು ಕಳೆದ ಒಂದು ವರ್ಷದಲ್ಲಿ ಮೂರು ಪ್ಲೇಟು ತಿಂದಿತು. ಮೂರನೆಯದನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಸ್ಕೂಲಿನ ಒಡತಿ ಖುದ್ದು ಬಂದರು. ‘ಇದು ಯಾರ ಕೈಯಲ್ಲಿ ಹೋಗ್ತಿದೆ?’ ಎಂದು ಕೇಳಿದರು. ಮೇಷ್ಟ್ರು ಪ್ಲೇಟಿನ ಕಡೆ ನೋಡುತ್ತಲೇ, ‘ಸಂಜೆ ಹೊತ್ತಲ್ಲೇ ಇರ್ಬೇಕು. ಬೆಳಗ್ಗೆ ನಾನಿರ್ತೀನಲ್ಲ’ ಎಂದರು. ಕೋಪವಿಲ್ಲ, ದೂರಿಲ್ಲ, ಸಮಯ ಎಷ್ಟೆಂದು ಹೇಳಿದ ಹಾಗೆ. ಒಡತಿ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಮೂವತ್ತೊಂದು ವರ್ಷ ‘ಕಾಲು ತೆಗಿ’ ಎಂದ ಮನುಷ್ಯನ ಮೇಲೆ ಅನುಮಾನ ಪಡಲು ನನಗೇನು ತಲೆ ಕೆಟ್ಟಿತ್ತೇ? ಆ ತಿಂಗಳ ಕೊನೆಗೆ ಕೆಲಸ ಬಿಡು ಎಂದು ಒಡತಿ ಸಂಜೆ ಟೀಚರ್‌ಗೆ ಹೇಳಿದರು.

ಅವಳು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಮಾರನೇ ದಿನ ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. ‘ಅಣ್ಣಾ, ಮೇಷ್ಟ್ರ ಹತ್ರ ಕಲಿತೋರು ಈಗ ಪರೀಕ್ಷೇಲಿ ಯಾಕೆ ಫೇಲ್ ಆಗ್ತಿದ್ದಾರೆ? ಗಾಡಿ ಎತ್ತೋವಾಗ್ಲೇ ಆಫ್ ಆಗುತ್ತೆ. ಯೋಚ್ನೆ ಮಾಡಿ.’

ನಾನು ಯೋಚನೆ ಮಾಡಲಿಲ್ಲ. ಮೂಲೆಗೆ ಎಸೆದಿದ್ದ ಹಳೆಯ ಪ್ಲೇಟನ್ನು ಎತ್ತಿ ನೋಡಿದೆ, ಜೊತೆಗೆ ಬಿಚ್ಚಿದ್ದ, ಕ್ಲಚ್ ಒತ್ತಿದಾಗ ಮಾತ್ರ ತಿರುಗುವ ಬೇರಿಂಗನ್ನೂ ನೋಡಿದೆ. ಕಲಿಯುವವರು ಸುಟ್ಟ ಪ್ಲೇಟಿನ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಕಲೆ ಬೀಳುತ್ತದೆ. ಇದು ಸುತ್ತಲೂ ಒಂದೇ ಸಮ ತೇದಿತ್ತು. ಬೇರಿಂಗ್ ತಿರುಗಿಸಿದರೆ ಗೊರಗೊರ ಸದ್ದು. ಯಾರೋ ಹೆದರಿ ತುಳಿದ ಗುರುತಲ್ಲ ಅದು. ಯಾರೋ ಆರಾಮಾಗಿ, ದಿನಾ, ಗಂಟೆಗಟ್ಟಲೆ ಕಾಲಿಟ್ಟುಕೊಂಡು ಕೂತ ಗುರುತು. ನನ್ನ ಕಣ್ಣಿಗೆ ಅದು ಮೊದಲೇ ಬೀಳಬೇಕಿತ್ತು. ನೋಡದೆ ತಲೆಯಾಡಿಸಿದ್ದೆ. ಆಗ ನನಗೆ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ‘ಎಂಜಿನ್ ಸದ್ದು ಕೇಳ್ಬೇಕು’ ಎಂದು ನೆಪ ಹೇಳಿ ಹಿಂದಿನ ಸೀಟಿನಲ್ಲಿ ಕೂತೆ. ಓಡಿಸುತ್ತಿದ್ದವರು ಒಬ್ಬ ಟೈಲರ್. ಮೇಲ್ಸೇತುವೆ ಏರುವಾಗ ಸುಟ್ಟ ವಾಸನೆ ಬಂತು. ‘ಕಾಲು ತೆಗೀರಿ’ ಎಂದರು ಮೇಷ್ಟ್ರು. ‘ತೆಗೆದಿದ್ದೀನಿ ಸಾರ್’ ಎಂದರು ಟೈಲರ್. ನಿಜಕ್ಕೂ ತೆಗೆದಿದ್ದರು. ನಾನು ಮುಂದಕ್ಕೆ ಬಗ್ಗಿ ಮೇಷ್ಟ್ರ ಕಡೆ ನೋಡಿದೆ. ಅವರ ಎಡಗಾಲಿನ ಚಪ್ಪಲಿ ಪೆಡಲಿನ ಮೇಲಿತ್ತು, ಪೆಡಲು ಎರಡು ಬೆರಳಷ್ಟು ಇಳಿದಿತ್ತು. ಅವರು ಮಾತ್ರ ಕಿಟಕಿಯಾಚೆ ನೋಡುತ್ತಿದ್ದರು. ಕಲಿಯುವವರ ಕ್ಲಚ್ಚನ್ನು ಅರ್ಧ ಇವರೇ ಹಿಡಿದಿದ್ದರೆ, ಈ ಕಾಲಿಲ್ಲದ ಪರೀಕ್ಷೆಯಲ್ಲಿ ಗಾಡಿ ಆಫ್ ಆಗದೆ ಇನ್ನೇನು?

ಪಾಠ ಮುಗಿದ ಮೇಲೆ ಅವರನ್ನು ಗ್ಯಾರೇಜಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆ. ಚಪ್ಪಲಿ ಬಿಚ್ಚಲು ಹೇಳಿದೆ. ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಸಣ್ಣ ಸ್ಕ್ರೂ ನಾಟಿಕೊಂಡಿತ್ತು, ಸುತ್ತ ರಕ್ತ ಒಣಗಿತ್ತು. ‘ಇದು ಯಾವಾಗ ಚುಚ್ಚಿದ್ದು?’ ಎಂದೆ. ‘ಯಾವುದು?’ ಎಂದರು.

‘ಕಣ್ಣು ಮುಚ್ಕೊಳ್ಳಿ’ ಎಂದು ಹೇಳಿ, ಸ್ಪ್ಯಾನರಿನ ತುದಿಯಿಂದ ಅವರ ಹೆಬ್ಬೆರಳು ಮುಟ್ಟಿದೆ. ಆಮೇಲೆ ಕಿರುಬೆರಳು. ಆಮೇಲೆ ಅಂಗಾಲಿನ ನಡುವೆ ಒತ್ತಿ ಹಿಡಿದೆ.

‘ಹೂಂ, ಇನ್ನೂ ಮುಟ್ಟಲಿಲ್ವಾ? ಮುಟ್ಟು’ ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅಕ್ಕ ಇರುವವರೆಗೆ ದಿನಾ ಸಂಜೆ ಕನ್ನಡಕ ಹಾಕಿಕೊಂಡು ಅವರ ಎರಡೂ ಕಾಲನ್ನು ಮಡಿಲಿಗೆ ತೆಗೆದುಕೊಂಡು, ಬೆರಳ ಸಂದಿಯೆಲ್ಲ ನೋಡಿ, ಮದ್ದು ಹಚ್ಚುತ್ತಿದ್ದರು. ‘ಮಗೂಗೆ ಮಾಡ್ದಂಗೆ ಮಾಡ್ತಾಳೆ’ ಎಂದು ಮೇಷ್ಟ್ರು ಗೊಣಗುತ್ತಿದ್ದರು. ಈಗ ನೋಡುವವರು ಯಾರು?

ಕಂಡದ್ದನ್ನೆಲ್ಲ ಹೇಳಿದೆ. ಅವರು ಬಗ್ಗಿ ಆ ಕಾಲನ್ನು ನೋಡಿದರು. ‘ಅವಳು ಹೋದ್ಮೇಲೆ ಮನಸ್ಸು ಮರಗಟ್ಟಿದೆ ಅಂತ ಗೊತ್ತಿತ್ತು. ಕಾಲೂನಾ?’ ಎಂದರು. ಆಮೇಲೆ ತಲೆ ಅಲ್ಲಾಡಿಸಿದರು. ‘ಇಲ್ಲ ಕಣೋ. ಚರ್ಮ ಬೇರೆ, ಪೆಡಲ್ ಬೇರೆ. ಪೆಡಲ್ ಮೇಲೆ ಕಾಲಿದ್ರೆ ನಿದ್ದೇಲೂ ನಂಗೆ ಗೊತ್ತಾಗುತ್ತೆ. ಆ ಹುಡುಗೀನ ಕರಿ. ಅವಳು ನನ್ನ ಸೀಟಲ್ಲಿ ಕೂತ್ಕೊಳ್ಲಿ, ನಾನು ಓಡಿಸ್ತೀನಿ. ತಪ್ಪು ನಂದೇ ಆದ್ರೆ ಇವತ್ತೇ ಆಫೀಸಿಗೆ ಹೋಗಿ ಹೇಳ್ತೀನಿ. ಸೀಟು ಅವಳಿಗೆ.’

ಸಂಜೆ ಟೀಚರ್ ಬಂದಳು. ವಿಷಯ ತಿಳಿದು, ‘ಬೇಡಿ ಮೇಷ್ಟ್ರೇ, ನಾನೇ ಬೇರೆ ಕಡೆ ನೋಡ್ಕೊಳ್ತೀನಿ’ ಎಂದಳು. ‘ಕೂತ್ಕೋಮ್ಮ’ ಎಂದರು ಮೇಷ್ಟ್ರು. ಅವಳು ಪಕ್ಕದ ಸೀಟಿನಲ್ಲಿ ಕೂತು ತನ್ನ ಎರಡು ಕಾಲನ್ನೂ ಹಿಂದಕ್ಕೆ ಎಳೆದುಕೊಂಡಳು. ನಾನು ಹಿಂದೆ ಕೂತೆ.

ಕಾರು ಎತ್ತಿದ್ದು ನೋಡಬೇಕಿತ್ತು. ಒಂದು ಕುಲುಕಿಲ್ಲ. ಎರಡನೇ ಗೇರ್, ಮೂರನೇ ಗೇರ್, ಬೆಣ್ಣೆ ಕತ್ತರಿಸಿದಷ್ಟು ಸಲೀಸು. ಆಸ್ಪತ್ರೆ ದಾಟಿದೆವು, ಗೋದಾಮಿನ ಉದ್ದನೆಯ ಗೋಡೆ ಬಂತು. ನೇರ ರಸ್ತೆ. ಗೇರ್ ಬದಲಾಯಿಸುವ ಕೆಲಸವೇ ಇಲ್ಲ. ನನ್ನ ಲೆಕ್ಕವೇ ತಪ್ಪಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗಾದರೆ ಆ ಹುಡುಗಿಯ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ಬೇಡಿಕೊಂಡೆ.

ಟೀಚರ್ ತನ್ನ ಕಾಲ ಮುಂದಿನ ಕ್ಲಚ್ ಪೆಡಲನ್ನು ನೋಡುತ್ತಿದ್ದಳು. ಯಾರೂ ಮುಟ್ಟದ ಆ ಪೆಡಲು ಎರಡು ಬೆರಳಷ್ಟು ಕೆಳಗಿಳಿದು ಅಲ್ಲೇ ನಿಂತಿತ್ತು.

‘ಮೇಷ್ಟ್ರೇ’ ಎಂದಳು. ದನಿ ಸಣ್ಣದಾಗಿತ್ತು. ‘ಕಾಲು ತೆಗೀರಿ.’

‘ತೆಗೆದಿದ್ದೀನಲ್ಲಮ್ಮ’ ಎಂದರು ಮೇಷ್ಟ್ರು, ರಸ್ತೆ ನೋಡುತ್ತಾ.

ಅವಳ ಕಣ್ಣು ಆ ಪೆಡಲಿನ ಮೇಲೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಅವರೇ ತಲೆ ತಗ್ಗಿಸಿ ಕೆಳಗೆ ನೋಡಿದರು. ಆಮೇಲೆ ಸಿಗ್ನಲ್ ಹಾಕಿ, ಗೋಡೆಯ ಪಕ್ಕಕ್ಕೆ ಕಾರು ತಂದು ನಿಲ್ಲಿಸಿದರು. ನ್ಯೂಟ್ರಲ್ ಮಾಡಿದರು. ಹ್ಯಾಂಡ್‌ಬ್ರೇಕ್ ಎಳೆದರು. ಎಂಜಿನ್ ಆಫ್ ಮಾಡಿ ಕೀಲಿ ತೆಗೆದು ಟೀಚರ್ ಕೈಗೆ ಕೊಟ್ಟರು. ಬಾಗಿಲು ತೆರೆದು, ಬಗ್ಗಿ, ಎಡಗಾಲನ್ನು ಎರಡೂ ಕೈಯಿಂದ ಹಿಡಿದು ಪೆಡಲಿನ ಮೇಲಿಂದ ಎತ್ತಿದರು. ಬೇರೆ ಯಾರದೋ ಸಾಮಾನನ್ನು ಇಡುವ ಹಾಗೆ ಅದನ್ನು ಹೊರಗೆ ರಸ್ತೆಯ ಮೇಲೆ ಇಟ್ಟರು.

‘ಈಗ ತೆಗೆದೆ’ ಎಂದರು.