ನೆರಳಿನ ಅಂಚಿಗೆ ಸುರಿದ ನೀರು

ಕಾದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಏಪ್ರಿಲ್ ಬಿಸಿಲಿನಲ್ಲಿ ಪಕ್ಕದ ಮನೆಯವರು ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು, ನಾನು ಕಿಟಕಿಯನ್ನು ಧಡಾರನೆ ಮುಚ್ಚಿಬಿಟ್ಟೆ. ಪಾಪ, ಅವರಿಗೇನು ಗೊತ್ತು? ಇದೇ ಬೆಳಗಾವಿಯಲ್ಲಿ ನಮ್ಮದೊಂದು ಹೆಂಚಿನ ಮನೆಯಿತ್ತು, ಅಂಗಳದಲ್ಲಿ ಸಂಪಿಗೆ ಮರವಿತ್ತು, ಅದನ್ನು ನೋಡಿಕೊಳ್ಳಲು ಗಂಗತ್ತೆ ಇದ್ದಳು.

ಗಂಗತ್ತೆ ಅಪ್ಪನ ಅಕ್ಕ. ಖಾನಾಪುರದಲ್ಲಿ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು. ಬರುವಾಗ ಸಂಪಿಗೆಯ ಸಸಿಯೊಂದನ್ನು ಬಸ್ಸಿನ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳಂತೆ. ನನಗೆ ಬುದ್ಧಿ ತಿಳಿಯುವಷ್ಟರಲ್ಲಿ ಅದು ಹೆಂಚನ್ನು ಮೀರಿ ಬೆಳೆದಿತ್ತು. ನಮ್ಮದು ತಂಪು ಊರು, ಗಿಡಗಳಿಗೆ ಬೇಸಿಗೆಯ ಚಿಂತೆಯಿಲ್ಲ ಎಂದು ಯಾರಾದರೂ ಅಂದರೆ ಅತ್ತೆ ಹರಿಹಾಯುತ್ತಿದ್ದಳು. "ತಂಪ ಊರಿನ ಗಿಡ ಲಾಡದಾಗ, ಮುದ್ದಿನಾಗ ಬೆಳದಿರ್ತಾವ. ನಾಕ ದಿನದ ಬಿಸಲಿಗೇ ಸೋತ ಬಿಡ್ತಾವ." ಶಿವರಾತ್ರಿ ಮುಗಿದ ಮೇಲೆ ದಾಸವಾಳಕ್ಕೂ ಮಲ್ಲಿಗೆಗೂ ಕತ್ತರಿ ಮುಟ್ಟಿಸುತ್ತಿರಲಿಲ್ಲ. ಉದುರಿದ ಎಲೆಯನ್ನೆಲ್ಲ ಗುಡಿಸಿ ಗಿಡಗಳ ಕೆಳಗೇ ಹಾಸುತ್ತಿದ್ದಳು. ಸಂಪಿಗೆಯ ಕಾಂಡಕ್ಕೆ ಪಡುವಣ ಬಿಸಿಲು ಬೀಳುವ ಕಡೆ ಸುಣ್ಣ ಬಳಿಯುತ್ತಿದ್ದಳು. ಸಂಜೆ ಬಿಸಿಲು ಇಳಿದ ಮೇಲೆ ಕೊಡ ಹೊತ್ತು ಹೊರಟರೆ ಅವಳ ಸೀರೆಯಿಂದ ಸುಣ್ಣ, ಒದ್ದೆ ಎಲೆ, ಸಂಪಿಗೆ ಮೂರೂ ಸೇರಿದ ಘಮ ಬರುತ್ತಿತ್ತು. ಒಮ್ಮೆ ನಾನು ಮುದ್ದಿನಿಂದ ಮರದ ಬುಡಕ್ಕೇ ತಂಬಿಗೆ ಸುರಿದಾಗ ಕೈ ಹಿಡಿದು ನಿಲ್ಲಿಸಿದಳು. "ಏ ಖೋಡಿ, ಅದರ ಬಾಯಿ ಅಲ್ಲಿಲ್ಲ. ನಡು ಮಧ್ಯಾಹ್ನ ನೆರಳ ಎಲ್ಲಿ ಮುಗೀತೈತಿ ನೋಡ, ಅಲ್ಲಿ ಐತಿ." ಮರುದಿನ ಮಧ್ಯಾಹ್ನ ನೆರಳಿನ ಅಂಚಿಗೆ ಇಬ್ಬರೂ ಕಲ್ಲಿಟ್ಟು ಗುರುತು ಮಾಡಿದೆವು. ಅಲ್ಲಿಂದ ಮೂರು ಬೇಸಿಗೆ ಆ ಕಲ್ಲುಗಳ ಬಳಿ ನಾನೇ ನೀರು ಹಾಕಿದ್ದೇನೆ.

ನನಗೆ ಹತ್ತು ತುಂಬಿದ ವರ್ಷ ಅಪ್ಪ ಕಾರು ತಂದರು, ನನಗೆ ಸೈಕಲ್ಲು ಬಂತು. ಅಂಗಳದ ಮಣ್ಣು ಅಪ್ಪನಿಗೆ ಹೊಲಸಾಗಿ ಕಾಣತೊಡಗಿತು. ಅತ್ತೆ ಖಾನಾಪುರಕ್ಕೆ ಮದುವೆಗೆ ಹೋದ ವಾರವೇ ಸಿಮೆಂಟು ಹಾಕಿಸಲು ಗೌಂಡಿಯನ್ನು ಕರೆಸಿದರು. ಮರಕ್ಕೆ ಎಷ್ಟು ಜಾಗ ಬಿಡಲಿ ಎಂದು ಅವನು ಕೇಳಿದ. ಸ್ವಂತ ಅಕ್ಕ ಅಷ್ಟು ವರ್ಷ ಕಣ್ಣೆದುರಿಗೇ ನೀರು ಹೊತ್ತರೂ ಅಪ್ಪನಿಗೆ ಗೊತ್ತಿರಲಿಲ್ಲ! ನನ್ನ ಕಡೆ ತಿರುಗಿ, "ನಿಮ್ಮತ್ತಿ ನೀರ ಎಲ್ಲಿ ಹಾಕ್ತಾಳವಾ?" ಎಂದರು. ಕಲ್ಲುಗಳು ಅಲ್ಲೇ ಇದ್ದವು. ಅಲ್ಲಿಯವರೆಗೆ ಮಣ್ಣು ಉಳಿದರೆ ಸೈಕಲ್ಲಿಗೆ ಜಾಗ ಎಲ್ಲಿ? ನಾನು ಬುಡದತ್ತ ಬೆರಳು ತೋರಿಸಿದೆ. ಬುಡದ ಸುತ್ತ ಬುಟ್ಟಿಯಗಲ ಮಣ್ಣು ಬಿಟ್ಟು ಅಂಗಳಕ್ಕೆಲ್ಲ ಸಿಮೆಂಟು ಹಾಕಿದರು.

ಅತ್ತೆ ಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. "ಯಾರನರ ಒಂದ ಮಾತ ಕೇಳಬೇಕಿಲ್ಲೋ, ತಮ್ಮಾ?"

"ಕೇಳೇನಿ, ಅಕ್ಕಾ. ಈಕಿನೇ ತೋರಿಸಿದ್ಲು."

ಅತ್ತೆ ನನ್ನನ್ನು ನೋಡಿದಳು. ನಾನು ಸೈಕಲ್ಲಿನ ಗಂಟೆ ನೋಡಿದೆ. "ಹುಡುಗಿಗೇನ ತಿಳೀತೈತಿ, ಬಿಡು," ಎಂದು ಒಳಗೆ ಹೋದಳು.

ಆ ಸಂಜೆ ಅವಳು ಕೊಡ ತುಂಬಿ ನೆರಳಿನ ಅಂಚು ಇರುತ್ತಿದ್ದಲ್ಲಿಯೇ ಸುರಿದಳು. ಸಿಮೆಂಟು ಚುರ್ರೆಂದಿತು, ವಾಸನೆಯೆದ್ದಿತು, ನೀರು ಗಟಾರಕ್ಕೆ ಹರಿಯಿತು. ಮರುದಿನವೂ ಅಷ್ಟೇ. ಮರ ಎರಡು ಬೇಸಿಗೆ ತಾಳಿತು, ಮೂರನೆಯದಕ್ಕೆ ತುದಿಯಿಂದ ಒಣಗುತ್ತ ಬಂತು. ಅದನ್ನು ಕಡಿಸಿದ ವರ್ಷ ಅತ್ತೆ ಖಾನಾಪುರಕ್ಕೆ ಹೋದವಳು ತಿರುಗಿ ಬರಲಿಲ್ಲ, ಅಲ್ಲೇ ತೀರಿಕೊಂಡಳು. ಈಗ ಆ ಮನೆಯೂ ಇಲ್ಲ, ಅಪ್ಪನೂ ಇಲ್ಲ. ಅಪ್ಪನ ಮೇಲೆ ಸಿಟ್ಟಾಗಿ ಸಿಟ್ಟಾಗಿ ಸಾಕಾಗಿದೆ; ಅವರು ಕೇಳಿಯಾದರೂ ಕೇಳಿದ್ದರು. ಅತ್ತೆ ಅವತ್ತು ನನ್ನ ಕೆನ್ನೆಗೊಂದು ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.

ಹುಡುಗಿಗೆ ತಿಳಿದಿತ್ತು, ಅತ್ತೆ. ಅದು ನಿನಗೂ ತಿಳಿದಿತ್ತು.